ಟೋಲ್ ಫ್ರೀ

ಹೋದ ವಾರ ನಮ್ಮ ಬ್ರಾಂಚಿನ ವಾಟ್ಸಾಪ್ ಗ್ರೂಪಲ್ಲಿ ಇಂಟರ್ ಬ್ರಾಂಚ್ ಫುಟ್‌ಬಾಲ್‌ನ ಟೀಮ್ ಲಿಸ್ಟ್ ಬಿತ್ತು. ಮೊದಲನೇ ಹೆಸರೇ ನನ್ನದು. ಪಕ್ಕದಲ್ಲಿ ಜಿ.ಕೆ. ಅಂತ ಎರಡಕ್ಷರ. ಜನರಲ್ ನಾಲೆಡ್ಜ್ ಅಲ್ಲ, ಗೋಲ್‌ಕೀಪರ್. ಫಸ್ಟ್ ಇಯರ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋದಾಗ, ಮಾತಿಗೆ ಮಾತು ಬಂದು, ರೂಮ್‌ಮೇಟ್ ಹತ್ರ ನಾನು ಪಿಯುಸಿಲಿ ಗೋಲ್‌ಕೀಪರ್ ಆಗಿದ್ದೆ ಅಂದಿದ್ದೆ. ಪುಣ್ಯಾತ್ಮ ಅದನ್ನ ಒಂದು ವರ್ಷ ನೆನಪಿಟ್ಟುಕೊಂಡು ಹೋಗಿ ಕ್ಯಾಪ್ಟನ್ ಕಿವಿಗೆ ಹಾಕಿದ್ದಾನೆ. ಕತೆಯ ಉಳಿದರ್ಧ ನಾನು ಅವನಿಗೆ ಹೇಳಿರಲಿಲ್ಲ. ‘ನಾನು ಆಡಲ್ಲ’ ಅಂತ ಮೂರು ಸಲ ಟೈಪ್ ಮಾಡಿ, ಮೂರು ಸಲವೂ ಅಳಿಸಿದೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ನಮ್ಮ ಕಡೆ ಗೋಲಿ ಅಂದ್ರೆ ಗಾಜಿನ ಗೋಲಿ, ಇಲ್ಲಾಂದ್ರೆ ಗೋಲಿ ಸೋಡಾ. ನಾನು ಟೀಮಿನ ಗೋಲಿ ಅಂತ ಮೊದಲ ಸಲ ಮನೆಲಿ ಹೇಳಿದಾಗ ಅಜ್ಜಿ, ‘ಮೀಸೆ ಬಂತು ಕಲಾ ಮಗಾ, ಇನ್ನೂ ಗೋಲಿ ಆಡ್ತೀಯಾ’ ಅಂತ ಬೇಜಾರು ಮಾಡ್ಕೊಂಡಿದ್ರು. ಅವರ ತಪ್ಪಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕಲ್ಲಿ ಆಟ ಅಂದ್ರೆ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಹಬ್ಬಕ್ಕೆ, ಜಾತ್ರೆಗೆ ಬೋರ್ಡ್ ಕಟ್ಟಿಸಿ ಟೂರ್ನಮೆಂಟ್ ಮಾಡೋದು ಇವಕ್ಕೇ. ಫುಟ್‌ಬಾಲ್ ನಮಗೆ ಪಕ್ಕದ ಮನೆಯಿಂದ ಬಂದದ್ದು. ಒಂದು ದಾರಿ ಕೋಟೆ ಕಡೆಯಿಂದ: ಬಾವಲಿ ದಾಟಿದರೆ ವಯನಾಡು, ಅಲ್ಲಿ ವಿಶ್ವಕಪ್ ಬಂತು ಅಂದ್ರೆ ಮೆಸ್ಸಿ, ನೇಮಾರ್ ಕಟೌಟು. ಇನ್ನೊಂದು ದಾರಿ ನಮ್ಮ ತಾಲ್ಲೂಕಿನೊಳಗೇ ಇದೆ. 1960ರ ದಶಕದ ಶುರುವಲ್ಲಿ ಟಿಬೆಟಿನಿಂದ ಬಂದ ಜನರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟರಲ್ಲ, ಅವರ ಜೊತೆ ಮೊಮೊ ಬಂತು, ಸ್ವೆಟರ್ ಬಂತು, ಫುಟ್‌ಬಾಲೂ ಬಂತು. ಹುಣಸೂರು ತಾಲ್ಲೂಕಿನ ಗುರುಪುರದ ಕ್ಯಾಂಪಲ್ಲೂ ಹಾಗೇ. ಅಲ್ಲಿನ ಹುಡುಗರು ಕಾಲಲ್ಲಿ ಚೆಂಡು ಇಟ್ಕೊಂಡೇ ಹುಟ್ಟಿದಂಗೆ ಆಡ್ತಾರೆ.

ಹತ್ತನೇ ಕ್ಲಾಸಿನ ರಜೆಯಲ್ಲಿ ನಾವು ಐದಾರು ಜನ ಸೈಕಲ್ ತುಳ್ಕೊಂಡು ಬೈಲಕುಪ್ಪೆ ಕಡೆ ಆಡೋಕೆ ಹೋಗ್ತಿದ್ವಿ. ನಾನು ಉದ್ದ, ಆದ್ರೆ ಓಡೋದ್ರಲ್ಲಿ ಸೊನ್ನೆ. ಓಡೋಕೆ ಬರದವನನ್ನ ಗೋಲಲ್ಲಿ ನಿಲ್ಲಿಸೋದು ಪ್ರಪಂಚದ ಎಲ್ಲಾ ಕಡೆ ಇರೋ ನಿಯಮ ಅನ್ಸುತ್ತೆ. ಅಲ್ಲೊಬ್ಬ ಅಣ್ಣ ಇದ್ದರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡ್ತಿದ್ರು. ಹೊಡೆಯೋನ ಮುಖ ನೋಡಬೇಡ, ಮುಖ ಸುಳ್ಳು ಹೇಳುತ್ತೆ, ಊರಿರೋ ಕಾಲು ನೋಡು ಅಂತ ಹೇಳಿಕೊಟ್ಟಿದ್ದು ಅವರೇ. ಚೆಂಡು ಹಿಡಿಯೋವಾಗ ಎರಡೂ ಹೆಬ್ಬೆರಳು ಹತ್ತಿರ ಇರಬೇಕು. ನೆಲದ ಚೆಂಡಾದರೆ ಕೈ ಹಿಂದೆ ಮೈ ಇರಬೇಕು, ಕೈ ತಪ್ಪಿದರೂ ಮೊಣಕಾಲು, ಎದೆ ಯಾವುದಾದ್ರೂ ತಡೀಬೇಕು. ಕೊನೇ ಮಾತನ್ನ ಗಮನದಲ್ಲಿಡಿ, ಮುಂದೆ ಬರುತ್ತೆ. ಹೋಗೋವಾಗ ಅವರು ಉಪಯೋಗಿಸಿ ಬಿಟ್ಟಿದ್ದ ಒಂದು ಜೊತೆ ಗ್ಲೌಸ್ ಕೊಟ್ಟರು. ನೀಲಿ ಬಣ್ಣ, ಬಲಗೈಯ ಅಂಗೈ ಸ್ವಲ್ಪ ಕಿತ್ತಿತ್ತು.

2023ರ ಜುಲೈ 4. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್, ಭಾರತ ಮತ್ತು ಕುವೈತ್. ನಾನಾಗ ಸೆಕೆಂಡ್ ಪಿಯುಸಿ. ಆವತ್ತು ಆ ವರ್ಷದ ಮೊದಲ ಸೊಪ್ಪು ಬ್ಯಾರನ್ ಒಳಗಿತ್ತು. ಹೊಗೆಸೊಪ್ಪು ಬೆಳೆಯೋರ ಮನೆಯವರಿಗೆ ಗೊತ್ತಿರುತ್ತೆ, ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ರಾತ್ರಿಯೆಲ್ಲಾ ಒಬ್ಬರು ಎದ್ದಿರಬೇಕು. ಬಿಸಿ ಏರಿಳಿತ ಆದ್ರೆ ಸೊಪ್ಪಿನ ಬಣ್ಣ ಹೋಗುತ್ತೆ, ಬಣ್ಣ ಹೋದ್ರೆ ಹರಾಜಲ್ಲಿ ರೇಟು ಹೋಗುತ್ತೆ. ಅಪ್ಪ ಒಲೆ ಮುಂದೆ, ನಾನು ಪಕ್ಕದಲ್ಲಿ ಸೌದೆ ತುಂಡಿಗೆ ಮೊಬೈಲ್ ಆನಿಸಿಕೊಂಡು. ಆಟ 1-1. ಶೂಟೌಟಲ್ಲಿ ಐದೈದು ಹೊಡೆತ ಮುಗಿದರೂ ಸಮ. ಆರನೇದನ್ನ ಭಾರತದ ಮಹೇಶ್ ಸಿಂಗ್ ಗೋಲಿಗೆ ಹಾಕಿದ. ಕುವೈತ್ ಕಡೆಯಿಂದ ಖಾಲಿದ್ ಹಾಜಿಯಾ ಬಂದ. ಗೋಲಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು. ಹಾರಿ, ತಡೆದು, ಎದ್ದು ಓಡಿದ. ಇಡೀ ಕಂಠೀರವ ಅವನ ಹಿಂದೆ ಓಡಿದಂಗಿತ್ತು. ಅದಕ್ಕೆ ಮೂರು ದಿನ ಮುಂಚೆ ಸೆಮಿಫೈನಲಲ್ಲಿ ಲೆಬನಾನಿನ ಮೊದಲ ಪೆನಾಲ್ಟಿಯನ್ನೂ ಅವನೇ ತಡೆದಿದ್ದ.

ಅಪ್ಪ ಫುಟ್‌ಬಾಲ್ ನೋಡೋರಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ್ರು: ‘ಆ ಕಡೆಗೇ ಹೊಡೀತಾನೆ ಅಂತ ಅವನಿಗೆ ಹೆಂಗ್ ಗೊತ್ತಾಯ್ತು?’

ಈಗ ಇಂಜಿನಿಯರಿಂಗ್ ಓದ್ತಾ ಇರೋದ್ರಿಂದ ಲೆಕ್ಕ ಹಾಕಿ ಹೇಳಬಲ್ಲೆ. ಪೆನಾಲ್ಟಿ ಚುಕ್ಕೆಯಿಂದ ಗೋಲಿಗೆ 11 ಮೀಟರ್. ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್, ಅಂದ್ರೆ ತಲುಪೋಕೆ ಬೇಕಾದ ಸಮಯ 0.4 ಸೆಕೆಂಡ್. ಕಣ್ಣು ನೋಡಿ ಮೈ ಅಲ್ಲಾಡೋಕೆ ಶುರುವಾಗೋದಕ್ಕೇ 0.2 ಸೆಕೆಂಡ್ ಹೋಗುತ್ತೆ. ಉಳಿದ 0.2ರಲ್ಲಿ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲನ್ನ ಮುಚ್ಚಬೇಕು. ಗೆರೆ ಬಿಟ್ಟು ಮುಂದೆ ಜಿಗಿಯೋ ಹಾಗೂ ಇಲ್ಲ, ಒದೆಯೋ ಹೊತ್ತಲ್ಲಿ ಒಂದು ಕಾಲಾದ್ರೂ ಗೆರೆಯ ಮೇಲಿರಬೇಕು. ಹಾಗಾಗಿ ಅಪ್ಪನ ಪ್ರಶ್ನೆಗೆ ಉತ್ತರ, ಗೊತ್ತಾಗಿರಲ್ಲ. ಊರಿದ ಕಾಲು, ಸೊಂಟ ನೋಡಿ ಅರ್ಧ ಊಹೆ ಮಾಡಿ ಬೀಳೋದು. ಊಹೆ ತಪ್ಪಿದ್ರೆ ಪೆದ್ದನ ಥರ ಕಾಣ್ತೀವಿ, ಅಷ್ಟೇ. ಪೆನಾಲ್ಟಿ ಬಿಟ್ಟಿದ್ದಕ್ಕೆ ಯಾರೂ ಗೋಲಿಗೆ ಬೈಯಲ್ಲ. ಗೋಲಿಗೆ ಬೈಯೋದು ಸುಲಭದ ಚೆಂಡಿಗೆ.

ನನ್ನದು ಸುಲಭದ ಚೆಂಡು.

ಅದೇ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಜಿಲ್ಲಾ ಮಟ್ಟದ ಪಿಯು ಪಂದ್ಯ, ಮೈಸೂರಲ್ಲಿ. ನಮ್ಮ ಕಾಲೇಜು ಅಷ್ಟು ದೂರ ಬಂದಿದ್ದೇ ದೊಡ್ಡದು. 0-0. ಇನ್ನೆರಡು ನಿಮಿಷ ಇತ್ತು. ಅವರ ಕಡೆಯವನೊಬ್ಬ ಬಾಕ್ಸಿನ ಹೊರಗಿಂದ, ಬೇರೆ ದಾರಿ ಇಲ್ಲದೆ, ಎಡಗಾಲಲ್ಲಿ ಸುಮ್ಮನೆ ತಳ್ಳಿದ. ಚೆಂಡು ಉರುಳ್ಕೊಂಡು ನೇರ ನನ್ನ ಹತ್ರ ಬರ್ತಿತ್ತು. ನಾನು ಆ ಚೆಂಡು ನೋಡ್ತಿರಲಿಲ್ಲ. ಬಲಗಡೆ ನಮ್ಮ ಹುಡುಗ ಖಾಲಿ ನಿಂತಿದ್ದ, ಅವನಿಗೆ ಬೇಗ ಎಸೆದ್ರೆ ಇನ್ನೊಂದು ಚಾನ್ಸ್ ಇದೆ ಅಂತ ಅವನನ್ನ ನೋಡ್ತಿದ್ದೆ. ಬಗ್ಗಿದೆ. ಮೊಣಕಾಲು ಊರಲಿಲ್ಲ. ಚೆಂಡು ಎರಡು ಕೈ ನಡುವೆ, ಎರಡು ಕಾಲ ನಡುವೆ ಹೋಗಿ, ಗೆರೆ ದಾಟಿ, ಬಲೆಗೆ ಕೂಡ ಮುಟ್ಟದೆ ನಿಂತಿತು. ಅಷ್ಟು ನಿಧಾನ. ಇದಕ್ಕೆ ಇಂಗ್ಲಿಷ್ ಕಾಮೆಂಟ್ರಿಯಲ್ಲಿ ನಟ್‌ಮೆಗ್ ಅಂತಾರೆ. ಕನ್ನಡದಲ್ಲಿ ಏನಂತ ಬರೀಬೇಕು ಅಂತ ಡಿಕ್ಷನರಿ ನೋಡಿದ್ರೆ ಜಾಯಿಕಾಯಿ ಅಂತಿದೆ. ಇರಲಿ, ಜಾಯಿಕಾಯಿನೇ ತಿಂದೆ ಅನ್ಕೊಳ್ಳಿ.

ವಾಪಸ್ ಬರೋವಾಗ ಬಸ್ಸಲ್ಲಿ ಯಾರೂ ಮಾತಾಡಲಿಲ್ಲ. ಹುಣಸೂರು ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಯೋಕೆ ಇಳಿದಾಗ ಒಬ್ಬ ಮೆಲ್ಲಗೆ, ‘ಟೋಲ್ ಫ್ರೀ ಕಣೋ ಇವ್ನು, ಯಾರ್ ಬೇಕಾದ್ರೂ ಹೋಗ್ಬೋದು’ ಅಂದ. ಎಲ್ರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪಿಯುಸಿ ಮುಗಿಯೋವರೆಗೂ ನನ್ನ ಹೆಸರು ಅದೇ. ಲ್ಯಾಬಲ್ಲಿ, ಕ್ಯಾಂಟೀನಲ್ಲಿ, ಟ್ಯೂಷನಲ್ಲಿ. ಆ ಆಟದಲ್ಲಿ ನಮ್ಮ ಫಾರ್ವರ್ಡ್ ಖಾಲಿ ಗೋಲ್ ಮುಂದೆ ಎರಡು ಸಲ ಆಕಾಶಕ್ಕೆ ಹೊಡೆದಿದ್ದ, ಅವನಿಗೆ ಯಾವ ಹೆಸರೂ ಬೀಳಲಿಲ್ಲ. ಪಿಟಿ ಸರ್ ಮುಂದಿನ ವಾರ ಪ್ರಾಕ್ಟೀಸ್‌ಗೆ ಬಾ ಅಂದ್ರು. ಫಿಸಿಕ್ಸ್ ಟೆಸ್ಟ್ ಇದೆ ಅಂದೆ. ಅದರ ಮುಂದಿನ ವಾರ ಕೆಮಿಸ್ಟ್ರಿ ಇತ್ತು. ಹಾಗೇ ನಿಂತುಹೋಯ್ತು.

ಆಡೋದು ಬಿಟ್ಟೆ, ನೋಡೋದು ಬಿಡಲಿಲ್ಲ. ಅದರಲ್ಲೂ ಗುರ್‌ಪ್ರೀತ್‌ನ.

ಅವನು ಪಂಜಾಬಿನವನು, 1992ರಲ್ಲಿ ಹುಟ್ಟಿದವನು. ಈಸ್ಟ್ ಬೆಂಗಾಲ್‌ನಿಂದ 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಹೋದ. ಅಲ್ಲಿ ಹೆಚ್ಚು ಕಾಲ ಕಳೆದದ್ದು ಬೆಂಚಿನ ಮೇಲೆ. ಆದರೂ 2016ರಲ್ಲಿ ಯುರೋಪಾ ಲೀಗಿನ ಅರ್ಹತಾ ಪಂದ್ಯ ಆಡಿದ. 2017ರಿಂದ ನಮ್ಮ ಬೆಂಗಳೂರು ಎಫ್‌ಸಿ ಗೋಲು ಅವನದ್ದು. 2018-19ರಲ್ಲಿ ಐಎಸ್ಎಲ್ ಕಪ್ ಬೆಂಗಳೂರಿಗೆ ಬಂದಾಗಲೂ ಅವನೇ. 2019ರ ಸೆಪ್ಟೆಂಬರ್ 10ರಂದು ಕತಾರ್‌ನಲ್ಲಿ ಭಾರತ ಆಡಿತು. ಕತಾರ್ ಆಗ ಏಷ್ಯಾ ಚಾಂಪಿಯನ್. ಚೆಟ್ರಿಗೆ ಹುಷಾರಿಲ್ಲ, ಗುರ್‌ಪ್ರೀತ್ ಕ್ಯಾಪ್ಟನ್. ಕತಾರ್‌ನವರು 27 ಸಲ ಗೋಲಿಗೆ ಗುರಿ ಇಟ್ಟರು. ಮುಗಿದಾಗ 0-0. ಯೂಟ್ಯೂಬಲ್ಲಿ ಆ ಸೇವ್‌ಗಳನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಅದೇ ಕತಾರ್‌ಗೆ 2024ರ ಜೂನ್ 11ಕ್ಕೆ ಮತ್ತೆ ಹೋದರು, ಮತ್ತೆ ಗುರ್‌ಪ್ರೀತ್ ಕ್ಯಾಪ್ಟನ್. ಚಾಂಗ್ತೆ ಗೋಲ್ ಹೊಡೆದು ಭಾರತ 1-0 ಮುಂದಿತ್ತು. 73ನೇ ನಿಮಿಷದಲ್ಲಿ ಒಂದು ಹೆಡರ್ ಬಂತು, ಗುರ್‌ಪ್ರೀತ್ ಬಿದ್ದು ತಡೆದ, ಚೆಂಡು ಅವನ ಮೈ ಪಕ್ಕದಿಂದ ಜಾರಿ ಗೋಲ್‌ಲೈನ್ ಆಚೆ ಹೋಯ್ತು. ಆಚೆ ಹೋದ ಚೆಂಡನ್ನ ಕತಾರ್‌ನವನೊಬ್ಬ ಕಾಲಲ್ಲಿ ಒಳಗೆಳೆದ, ಇನ್ನೊಬ್ಬ ಗೋಲಿಗೆ ಹಾಕಿದ. ರೆಫರಿ ಗೋಲ್ ಕೊಟ್ಟರು. ಆ ಸುತ್ತಲ್ಲಿ ವಿಎಆರ್ ಇರಲಿಲ್ಲ. 2-1ರಲ್ಲಿ ಸೋತು ಭಾರತ ವಿಶ್ವಕಪ್ ಅರ್ಹತಾ ಸುತ್ತಿಂದ ಹೊರಗೆ ಬಿತ್ತು. ಇದು ಅನ್ಯಾಯ, ಎಲ್ಲರೂ ಅವನ ಪರ ನಿಂತರು.

ಆದ್ರೆ ಅದೇ ನವೆಂಬರ್ 18ಕ್ಕೆ ಹೈದರಾಬಾದಿನಲ್ಲಿ ಮಲೇಷ್ಯಾ ಮೇಲೆ ಆಗಿದ್ದಕ್ಕೆ ಯಾವ ರೆಫರಿಯನ್ನೂ ಬೈಯೋ ಹಾಗಿಲ್ಲ. 19ನೇ ನಿಮಿಷ. ಹಿಂದಿನಿಂದ ಉದ್ದಕ್ಕೆ ಬಂದ ಚೆಂಡಿಗೆ ಗುರ್‌ಪ್ರೀತ್ ಗೋಲ್ ಬಿಟ್ಟು ಬಾಕ್ಸಿನ ಹೊರಗೆ ಓಡಿ ಬಂದ, ಚೆಂಡು ಸಿಗಲಿಲ್ಲ, ಮಲೇಷ್ಯಾದ ಜೋಸ್ವೆ ಖಾಲಿ ಗೋಲಿಗೆ ಆರಾಮಾಗಿ ಹಾಕಿದ. ಆಟ 1-1 ಆಯ್ತು. ನಾನಾಗ ಫಸ್ಟ್ ಸೆಮ್, ಹಾಸ್ಟೆಲ್ ಮೆಸ್ಸಲ್ಲಿ ಟಿವಿ ಮುಂದೆ ಕೂತಿದ್ದೆ. ಹಿಂದೆ ಯಾರೋ, ‘ಇವ್ನ ರಿಟೈರ್ ಮಾಡ್ಸಿ ಗುರು’ ಅಂದ. ನನಗೆ ಹೊಟ್ಟೆ ಒಳಗೆ ಹಿಂಡಿದಂಗಾಯ್ತು. ಅದು ಗುರ್‌ಪ್ರೀತ್‌ಗೆ ಅಂದಿದ್ದು, ನನ್ನ ಕಿವಿಗೆ ಮಾತ್ರ ಹುಣಸೂರು ಬಸ್ ಸ್ಟ್ಯಾಂಡ್ ಕೇಳಿಸಿತು. ಮಾರ್ಚ್ 2025ರಲ್ಲಿ ಬಾಂಗ್ಲಾದೇಶದ ಮೇಲೆ ಆಡುವಾಗ ಗೋಲಲ್ಲಿ ವಿಶಾಲ್ ಕೈತ್ ಇದ್ದ. ಅದೂ ನ್ಯಾಯವೇ, ವಿಶಾಲ್ ಒಳ್ಳೆ ಫಾರ್ಮಲ್ಲಿದ್ದ.

ಆ ದಿನಗಳಲ್ಲಿ ಬೇರೆ ಗೋಲಿಗಳು ಇಂಥದ್ದರಿಂದ ಹೇಗೆ ಎದ್ದರು ಅಂತ ಹುಡುಕೋಕೆ ಶುರು ಮಾಡಿದೆ. ಗೋಲಿಗಳ ಊರು ಅಂದ್ರೆ ರಷ್ಯಾ. ಇವತ್ತಿಗೂ ಬ್ಯಾಲನ್ ಡಿ’ಓರ್ ಗೆದ್ದ ಒಬ್ಬನೇ ಗೋಲಿ ಅಲ್ಲಿನ ಲೆವ್ ಯಾಶಿನ್, 1963ರಲ್ಲಿ. ಆದರೆ ನನಗೆ ಸಿಕ್ಕಿದವನು ಯಾಶಿನ್ ಅಲ್ಲ, ಇಗೋರ್ ಅಕಿನ್‌ಫೇವ್. 2014ರ ವಿಶ್ವಕಪ್ಪಲ್ಲಿ ದಕ್ಷಿಣ ಕೊರಿಯಾದವನು ದೂರದಿಂದ ಹೊಡೆದ ಸಾದಾ ಚೆಂಡು ಅವನ ಕೈಗೆ ಬಂದು, ಕೈಯಿಂದ ಜಾರಿ, ಹಿಂದಕ್ಕೆ ಹೋಗಿ ಗೋಲಾಯ್ತು. ಮೂರು ವರ್ಷ ಆದ ಮೇಲೆ, 2017ರ ಕಾನ್ಫೆಡರೇಷನ್ಸ್ ಕಪ್ಪಲ್ಲಿ, ಸ್ವಂತ ದೇಶದ ಜನರ ಮುಂದೆ ಮೆಕ್ಸಿಕೋ ಮೇಲೆ ಗೋಲ್ ಬಿಟ್ಟು ಓಡಿ ಬಂದ, ಲೊಸಾನೋ ಅವನಿಗಿಂತ ಮೊದಲು ತಲೆ ಕೊಟ್ಟ. ರಷ್ಯಾ ಹೊರಗೆ. ಸಾಲದ್ದಕ್ಕೆ ಚಾಂಪಿಯನ್ಸ್ ಲೀಗಲ್ಲಿ ಅವನು ಸತತ 43 ಪಂದ್ಯಗಳಲ್ಲಿ ಗೋಲ್ ಬಿಟ್ಟಿದ್ದ, ಹನ್ನೊಂದು ವರ್ಷ. ಆ ಸರಣಿ ಮುರಿದದ್ದು 2017ರ ನವೆಂಬರಲ್ಲಿ. ಇದನ್ನ ಓದಿದಾಗ ನನ್ನ ಒಂದು ಗೋಲು ತುಂಬಾ ಚಿಕ್ಕದಾಗಿ ಕಂಡಿತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆದ್ರೂ ಒಬ್ಬ ಜೊತೆಗಾರ ಸಿಕ್ಕಂಗಾಯ್ತು.

ರಷ್ಯಾ ತಂಡಕ್ಕೆ 2016ರಿಂದ ಕೋಚ್ ಆಗಿದ್ದವರು ಸ್ತಾನಿಸ್ಲಾವ್ ಚೆರ್ಚೆಸೋವ್. ದಪ್ಪ ಮೀಸೆ, ಬೋಳು ತಲೆ, ಗಂಟುಮುಖ. ನೋಡಿದ್ರೆ ನಮ್ಮ ಕಡೆ ಫಾರೆಸ್ಟ್ ರೇಂಜರ್ ಥರ ಇದ್ದಾರೆ. ಅವರೂ ಗೋಲಿಯೇ. 1963ರಲ್ಲಿ ಉತ್ತರ ಒಸೆಟಿಯಾದ ಅಲಗೀರ್ ಅನ್ನೋ ಊರಲ್ಲಿ ಹುಟ್ಟಿ, ಮಾಸ್ಕೋದ ಸ್ಪಾರ್ಟಕ್ ಕ್ಲಬ್ಬಿಗೆ ಬಂದಾಗ ಅಲ್ಲಿ ಗೋಲಲ್ಲಿದ್ದವನು ರಿನಾತ್ ದಸಾಯೇವ್, ಆ ಕಾಲದ ಪ್ರಪಂಚದ ಅತ್ಯುತ್ತಮ ಗೋಲಿಗಳಲ್ಲಿ ಒಬ್ಬ. ಚೆರ್ಚೆಸೋವ್ ಬೆಂಚಿನ ಮೇಲೆ. ದಸಾಯೇವ್ 1988ರಲ್ಲಿ ಸ್ಪೇನಿನ ಸೆವಿಯಾಗೆ ಹೋದ ಮೇಲೆ ಆ ಜಾಗ ಇವರದ್ದಾಯ್ತು, 1989ರಲ್ಲಿ ಸ್ಪಾರ್ಟಕ್ ಲೀಗ್ ಗೆದ್ದಿತು. 1994ರ ವಿಶ್ವಕಪ್ಪಲ್ಲೂ ಮೊದಲೆರಡು ಪಂದ್ಯ ಬೆಂಚು. ಮೂರನೇದು ಸಿಕ್ಕಿತು, ಕ್ಯಾಮರೂನ್ ಮೇಲೆ. ರಷ್ಯಾ 6-1ರಲ್ಲಿ ಗೆದ್ದಿತು, ಸಲೆಂಕೋ ಒಬ್ಬನೇ ಐದು ಗೋಲ್. ಅದರಲ್ಲೂ ಇವರ ಹಣೆಬರಹ ನೋಡಿ: ಬಿಟ್ಟ ಆ ಒಂದು ಗೋಲು 42 ವರ್ಷದ ರೋಜರ್ ಮಿಲ್ಲಾನದು, ವಿಶ್ವಕಪ್ ಇತಿಹಾಸದಲ್ಲೇ ಅತಿ ಹಿರಿಯ ಆಟಗಾರನ ಗೋಲು. ಹಾಗಾಗಿ ಆ ವಿಡಿಯೋ ಬಂದಾಗಲೆಲ್ಲಾ ಹಿಂದೆ ಬಿದ್ದಿರೋ ಗೋಲಿ ಇವರೇ. ಆಗ ಅವರ ಕ್ಲಬ್ ಜರ್ಮನಿಯ ಡ್ರೆಸ್ಡೆನ್, ಆಮೇಲೆ ಆಸ್ಟ್ರಿಯಾದ ಇನ್ಸ್‌ಬ್ರುಕ್. ಇನ್ಸ್‌ಬ್ರುಕ್‌ನಲ್ಲಿ 2000, 2001, 2002 ಮೂರು ವರ್ಷ ಸಾಲಾಗಿ ಲೀಗ್ ಗೆದ್ದು, 39ರ ಹತ್ತಿರ ಆಟ ಬಿಟ್ಟು ಕೋಚ್ ಆದರು. ಪೋಲೆಂಡಿನ ಲೆಗಿಯಾ ವಾರ್ಸಾಗೆ 2016ರಲ್ಲಿ ಲೀಗು ಕಪ್ಪು ಎರಡೂ ಗೆಲ್ಲಿಸಿಕೊಟ್ಟ ಮೇಲೆ ದೇಶದ ತಂಡ ಸಿಕ್ಕಿತು.

ಬೆಂಚಿನ ಮೇಲೆ ಕೂತ ಗೋಲಿಗೆ ಒಂದು ವಿಷಯ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತೆ. ಫಾರ್ವರ್ಡ್ ಸುಸ್ತಾದ್ರೆ 70ನೇ ನಿಮಿಷಕ್ಕೆ ಬದಲಾಯಿಸ್ತಾರೆ, ಇನ್ನೊಬ್ಬ ಬರ್ತಾನೆ. ಗೋಲಿಗೆ ಸುಸ್ತು ಅನ್ನೋದಿಲ್ಲ. ಒಬ್ಬನಿಗೆ ಏಟಾಗಬೇಕು, ಇಲ್ಲಾ ಅವನು ಎಲ್ಲರ ಮುಂದೆ ಎಡವಬೇಕು, ಆಗಲೇ ಇನ್ನೊಬ್ಬನಿಗೆ ಜಾಗ. ಅದನ್ನ ಎರಡೂ ಕಡೆಯಿಂದ ನೋಡಿದ ಮನುಷ್ಯ, ಮೆಕ್ಸಿಕೋ ಪಂದ್ಯ ಆದ ಮೇಲೆ ಅಕಿನ್‌ಫೇವ್‌ನನ್ನ ತೆಗೆಯಲಿಲ್ಲ. 2018ರ ವಿಶ್ವಕಪ್‌ಗೆ ಅವನೇ ಗೋಲಿ, ಅವನೇ ಕ್ಯಾಪ್ಟನ್. ಚೆರ್ಚೆಸೋವ್ ಅವನ ಹತ್ರ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ. ಏನೂ ಮಾತಾಡದೆ ಲಿಸ್ಟಲ್ಲಿ ಹೆಸರು ಬರೆದು ಹಾಕಿರಬೇಕು ಅಂತ ನನ್ನ ಊಹೆ. ಗೋಲಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ.

ಆ ಟೂರ್ನಮೆಂಟಿಗೆ ಬಂದ 32 ತಂಡಗಳಲ್ಲಿ ರಷ್ಯಾದ್ದೇ ಎಲ್ಲಕ್ಕಿಂತ ಕೆಳಗಿನ ರ‍್ಯಾಂಕು, 70. ಜುಲೈ 1, ಮಾಸ್ಕೋ, ಎದುರಿಗೆ ಸ್ಪೇನ್. ಸ್ಪೇನಿನವರು ಸಾವಿರಕ್ಕಿಂತ ಹೆಚ್ಚು ಪಾಸ್ ಮಾಡಿದರು, ರಷ್ಯಾದವರು ಬಾಗಿಲು ಹಾಕ್ಕೊಂಡು ಕೂತರು. 1-1. ಶೂಟೌಟ್. ಕೋಕೆ ಹೊಡೆದದ್ದನ್ನ ಅಕಿನ್‌ಫೇವ್ ಕೈಯಲ್ಲಿ ತಡೆದ. ಕೊನೆಗೆ ಆಸ್ಪಾಸ್ ಬಂದ. ಅಕಿನ್‌ಫೇವ್ ತನ್ನ ಬಲಕ್ಕೆ ಹಾರಿದ, ಚೆಂಡು ನಡುವಿಗೆ ಬಂತು. ಊಹೆ ತಪ್ಪಿತ್ತು. ಗಾಳಿಯಲ್ಲಿದ್ದಾಗಲೇ ಎಡಗಾಲು ಮೇಲೆತ್ತಿದ, ಚೆಂಡು ಶೂಗೆ ಬಡಿದು ಆಚೆ ಹೋಯ್ತು. ನಾನು ಆ ವಿಡಿಯೋನ ನಿಧಾನಗತಿಯಲ್ಲಿ ನೋಡಿದೀನಿ. ಕೈ ತಪ್ಪಿದ ಮೇಲೂ ಮೈಯಲ್ಲಿ ಇನ್ನೇನಾದ್ರೂ ಉಳಿದಿರುತ್ತಲ್ಲ, ಬೈಲಕುಪ್ಪೆ ಅಣ್ಣ ಹೇಳಿದ್ದು ಅದೇ. ಮುಂದಿನ ಪಂದ್ಯದಲ್ಲಿ ಕ್ರೊಯೇಷಿಯಾ ಮೇಲೆ ಅದೇ ಶೂಟೌಟಲ್ಲಿ ರಷ್ಯಾ ಸೋತಿತು. ಮೂರು ವರ್ಷದ ನಂತರ ಚೆರ್ಚೆಸೋವ್ ಕೆಲಸವೂ ಹೋಯ್ತು. ಸಿನಿಮಾ ಅಲ್ಲವಲ್ಲ.

ಗುರ್‌ಪ್ರೀತ್ ಕತೆಯೂ ಹಾಗೇ ಮುಂದುವರಿಯಿತು. 2025ರ ಆಗಸ್ಟಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಬಂದು, ತಜಿಕಿಸ್ತಾನದ ಹಿಸೋರಿನಲ್ಲಿ ನಡೆದ ಕಾಫಾ ನೇಷನ್ಸ್ ಕಪ್‌ಗೆ ಅವನನ್ನೇ ಗೋಲಲ್ಲಿ ನಿಲ್ಲಿಸಿದರು. ಮೊದಲ ಪಂದ್ಯದಲ್ಲೇ ತಜಿಕಿಸ್ತಾನದ ಪೆನಾಲ್ಟಿ ತಡೆದ, ಭಾರತ 2-1. ಸೆಪ್ಟೆಂಬರ್ 8ಕ್ಕೆ ಮೂರನೇ ಸ್ಥಾನಕ್ಕೆ ಒಮಾನ್ ಮೇಲೆ 1-1, ಶೂಟೌಟ್. ಒಮಾನ್‌ನ ಕೊನೇ ಹೊಡೆತಕ್ಕೆ ಬಂದವನು ಆ ದಿನ ಅವರ ಗೋಲ್ ಹೊಡೆದಿದ್ದ ಯಹ್ಮಾದಿಯೇ. ಗುರ್‌ಪ್ರೀತ್ ತಡೆದ. ಮೆಸ್ಸಲ್ಲಿ ನಾಲ್ಕೇ ಜನ ನೋಡ್ತಿದ್ವಿ, ಅದರಲ್ಲಿ ಇಬ್ಬರಿಗೆ ಸೀಟ್ ಸಿಕ್ಕಿರಲಿಲ್ಲ ಅಂತ ಅಲ್ಲಿ ಕೂತವರು. ನಾನು ತಟ್ಟೆ ಹಿಡ್ಕೊಂಡೇ ಎದ್ದು ನಿಂತಿದ್ದೆ, ಸಾರು ಪ್ಯಾಂಟ್ ಮೇಲೆ. ಅದಾಗಿ ತಿಂಗಳ ಮೇಲೆ ಮಡಗಾಂವಲ್ಲಿ ಸಿಂಗಾಪುರದ ಮೇಲೆ 2-1ರಲ್ಲಿ ಸೋತು ಭಾರತ ಏಷ್ಯನ್ ಕಪ್ ಕಳಕೊಂಡಿತು. ಆಗಲೂ ಮೆಸ್ಸಲ್ಲಿ ಯಾರೋ ಗೋಲಿಗೆ ಬೈದರು.

ಮೊನ್ನೆ ಭಾನುವಾರ ಅಪ್ಪಂಗೆ ಫೋನ್ ಮಾಡಿ, ನನ್ನ ಗ್ಲೌಸ್ ಅಟ್ಟದ ಮೇಲಿದೆಯಾ ನೋಡಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ಒಂದ್ ಅಟ್ಟದ್ ಮ್ಯಾಲದೆ’ ಅಂದ್ರು. ಇನ್ನೊಂದು? ‘ಬ್ಯಾರನ್ ಒಲೆ ಬಾಗ್ಲು ತಗ್ಯಕ್ಕೆ ಚೆನ್ನಾಗಿತ್ತು ಕಣಪ್ಪ, ಕೈ ಸುಡ್ತಿರ್ಲಿಲ್ಲ. ನೀನು ಬಿಟ್ಬಿಟ್ಟೆ ಅಂದ್ಕೊಂಡೆ.’ ಎರಡು ಸೀಸನ್ ಅದರಲ್ಲೇ ಒಲೆ ಬಾಗಿಲು ತೆಗೆದಿದ್ದಾರೆ. ಮತ್ತೆ ಆಡ್ತೀಯಾ ಅಂತ ಅವರು ಕೇಳಲಿಲ್ಲ, ಯಾವತ್ತು ಮ್ಯಾಚು ಅಂತ ಕೇಳಿದ್ರು.

ನಿನ್ನೆ ಊರಿನ ಪರಿಚಯದವರೊಬ್ಬರ ಕೈಲಿ ಕಳಿಸಿದ್ರು, ಸಬರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿ ತಗೊಂಡು ಬಂದೆ. ಬಲಗೈದು ನೀಲಿಯಾಗಿದೆ, ಅಂಗೈ ಕಿತ್ತ ಕಡೆ ಅಮ್ಮ ಜೀನ್ಸ್ ತುಂಡು ಇಟ್ಟು ಹೊಲಿದಿದ್ದಾರೆ. ಎಡಗೈದು ಕರ‍್ರಗಾಗಿದೆ. ರೂಮಿಡೀ ಹೊಗೆಸೊಪ್ಪಿನ ವಾಸನೆ. ರೂಮ್‌ಮೇಟ್ ಕಿಟಕಿ ತೆಗೆದು, ಇದನ್ನ ಹಾಕ್ಕೊಂಡು ನಿಂತ್ರೆ ಯಾವ ಫಾರ್ವರ್ಡೂ ಹತ್ರ ಬರಲ್ಲ ಬಿಡು ಅಂದ. ಅವನಿಗೆ ಟೋಲ್ ಫ್ರೀ ಕತೆ ಪೂರ್ತಿ ಹೇಳಿದೆ. ನಕ್ಕ, ತುಂಬಾನೇ ನಕ್ಕ. ಆಮೇಲೆ ಶೂ ಹಾಕ್ಕೊಂಡು ಚೆಂಡು ತಗೊಂಡ. ಹಾಸ್ಟೆಲ್ ಹಿಂದಿನ ಗ್ರೌಂಡಲ್ಲಿ ಲೈಟ್ ಆರೋವರೆಗೆ ಬರೀ ನೆಲದ ಚೆಂಡು ಹೊಡಿ ಅಂದೆ, ಹೊಡೆದ. ಎರಡು ಕಾಲ ನಡುವೆ ಹೋದವು ಮೂರು.

ಶುಕ್ರವಾರ ನಾಲ್ಕೂವರೆಗೆ ಮೆಕ್ಯಾನಿಕಲ್ ಮೇಲೆ ಮ್ಯಾಚು.